‘ನಿದ್ದೆ ಮಾಡ್ತಾನಾ?’

ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆ. ಮಂಗಳವಾರ, ಹನ್ನೊಂದೂವರೆ ಗಂಟೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಬಂದು ಕೂರುವ ದಿನವಾದ್ದರಿಂದ ಬಾಗಿಲಿನಿಂದ ಔಷಧಿ ಕಿಟಕಿಯವರೆಗೆ ಸಾಲು. ಒಳಗೆ ಮೇಜಿನ ಮುಂದೆ ಒಂದೇ ಸ್ಟೂಲು. ಅದರ ಮೇಲೆ ತಾಯಿ ಕೂತಿದ್ದಾಳೆ, ಮೂವತ್ತರ ಆಸುಪಾಸಿನ ಮಗ ಪಕ್ಕದಲ್ಲಿ ಗೋಡೆಗೆ ಒರಗಿ ನಿಂತಿದ್ದಾನೆ. ವೈದ್ಯರು ಚೀಟಿ ತಿರುವುತ್ತ ಕೇಳುತ್ತಾರೆ: “ನಿದ್ದೆ ಮಾಡ್ತಾನಾ?” “ಮಾಡ್ತನೆ ಸಾ.” “ಊಟ?” “ಉಣ್ತನೆ.” “ಮಾತ್ರೆ ಸರಿಯಾಗಿ ತಗೋತಾನಾ?” “ನಾನೇ ಕೊಡ್ತಿನಿ ಸಾ.” ಹಳೇ ಮಾತ್ರೆಗಳನ್ನೇ ಮುಂದುವರಿಸಿ ಬರೆದಾಯಿತು. ಮೂರು ನಿಮಿಷವೂ ಆಗಿರಲಿಲ್ಲ. ಹೊರಗೆ ಔಷಧಿ ಕಿಟಕಿಯ ಹತ್ತಿರ ಆ ಹುಡುಗ ಮೊದಲ ಸಲ ಬಾಯಿ ಬಿಟ್ಟ. ಅದೂ ಮಾತ್ರೆ ಎಣಿಸುತ್ತಿದ್ದವರ ಹತ್ತಿರ: “ಅಣ್ಣ, ಕೈ ನಡುಗ್ತದೆ. ಎಷ್ಟ್ ನೀರ್ ಕುಡುದ್ರೂ ಬಾಯಾರ್ತದೆ.” ಅವರು ಪಾಪ ಏನು ಮಾಡಿಯಾರು, “ಮುಂದಿನ ಸಲ ಡಾಕ್ಟ್ರಿಗೆ ಹೇಳಪ್ಪ” ಅಂದರು.

ಹುಡುಗ ನುಂಗುತ್ತಿದ್ದದ್ದು ಮನಸ್ಸಿನ ಅತಿಯಾದ ಏರಿಳಿತಕ್ಕೆ ಕೊಡುವ ಲಿಥಿಯಂ. ದುಡಿಯುತ್ತಿದ್ದದ್ದು ಆಲೆಮನೆಯಲ್ಲಿ, ಕೊಪ್ಪರಿಗೆಯ ಪಕ್ಕ, ದಿನವಿಡೀ ಬೆವರು ಸುರಿಯುವ ಕಡೆ. ಮೈಯಿಂದ ನೀರೂ ಉಪ್ಪೂ ಹೋದಷ್ಟು ಲಿಥಿಯಂ ರಕ್ತದಲ್ಲಿ ಏರುತ್ತದೆ. ಮೈಕೈ ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ಮಾತ್ರೆಗಳೂ ಅದನ್ನು ಏರಿಸುತ್ತವೆ. ಸಣ್ಣ ನಡುಕ, ಬಾಯಾರಿಕೆ ಈ ಮಾತ್ರೆಯಲ್ಲಿ ಮಾಮೂಲು. ಆದರೆ ನಡುಕ ಜಾಸ್ತಿಯಾಗಿ, ವಾಂತಿ ಭೇದಿ ಶುರುವಾಗಿ, ನಡಿಗೆ ತೂರಾಡಿದರೆ ಅದು ಅಪಾಯದ ಗುರುತು, ಅವತ್ತೇ ಆಸ್ಪತ್ರೆಗೆ ಓಡಬೇಕು. ಅಷ್ಟು ದೂರ ಹೋಗದಂತೆ ನೋಡಿಕೊಳ್ಳಲು ಕೊನೆಯ ಮಾತ್ರೆ ನುಂಗಿ ಹನ್ನೆರಡು ಗಂಟೆ ಕಳೆದ ಮೇಲೆ ರಕ್ತ ತೆಗೆದು ಲಿಥಿಯಂ ಮಟ್ಟ ನೋಡುತ್ತಾರೆ. ಆಲೆಮನೆಯ ಬೆವರು, ನೋವಿನ ಮಾತ್ರೆ, ಕೈ ನಡುಕ ಈ ಮೂರೂ ಗೊತ್ತಿದ್ದದ್ದು ಆ ಕೋಣೆಯಲ್ಲಿ ಒಬ್ಬನಿಗೆ. ಅವನನ್ನು ಬಿಟ್ಟು ಮಿಕ್ಕವರು ಮಾತಾಡಿಕೊಂಡರು.

ಶಾಲೆಯ ವ್ಯಾಕರಣದಲ್ಲಿ ‘ನಾನು’ ಉತ್ತಮ ಪುರುಷ, ‘ನೀನು’ ಮಧ್ಯಮ ಪುರುಷ, ‘ಅವನು’ ಪ್ರಥಮ ಪುರುಷ. ಮಾನಸಿಕ ಕಾಯಿಲೆಯ ಚೀಟಿ ಒಂದು ಸಲ ಕೈಗೆ ಬಂತೆಂದರೆ ಮನುಷ್ಯ ಎದುರಿಗೇ ಇದ್ದರೂ ಪ್ರಥಮ ಪುರುಷಕ್ಕೆ ಜಾರುತ್ತಾನೆ. ಮನೆಯಲ್ಲಿ, ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ಪಂಚಾಯಿತಿಯಲ್ಲಿ, ಮದುವೆಮನೆಯಲ್ಲಿ ಎಲ್ಲ ಕಡೆಯೂ. ಮಾನಸಿಕ ಚಿಕಿತ್ಸೆ ಪಡೆಯುವವರೇ ಸೇರಿ ಕಟ್ಟಿಕೊಳ್ಳುವ ಸೇವಾ ಬಳಕೆದಾರರ ಒಕ್ಕೂಟಗಳು ಹುಟ್ಟಿದ್ದಕ್ಕೆ ಬೇರೆ ದೊಡ್ಡ ಕಾರಣಗಳಿವೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ಕಾಯಿಲೆಯವರೆಂದು ಸರಪಳಿಯಲ್ಲಿ ಕಟ್ಟಿದ್ದವರು ಕಟ್ಟಿದ್ದಲ್ಲೇ ಸುಟ್ಟುಹೋದದ್ದು ಅವುಗಳಲ್ಲಿ ಒಂದು. ಆದರೆ ದಿನನಿತ್ಯದ ಕೆಲಸ ನೋಡಿದರೆ ಒಕ್ಕೂಟ ಮಾಡುವುದು ಇಷ್ಟೆ: ಜಾರಿದವರನ್ನು ಉತ್ತಮ ಪುರುಷಕ್ಕೆ ತಂದು ಕೂರಿಸುವುದು. ಹೇಳುವುದಕ್ಕೆ ಸುಲಭ. ಎಷ್ಟು ಕಡೆ ಎಡವುತ್ತದೆ ಎಂಬುದು ಒಳಗೆ ಹೋದವರಿಗೆ ಗೊತ್ತು.

ಸೇರುವ ಮುನ್ನ ಏನು ನೋಡಬೇಕು

ಮೊದಲು ಹೆಸರಿನ ಗೊಂದಲ. ‘ರೋಗಿ’ ಎಂದರೆ ಆಸ್ಪತ್ರೆಯ ಹೊರಗೂ ರೋಗಿ ಎಂದಾಗುತ್ತದೆ. ‘ಮಾನಸಿಕ ಅಸ್ವಸ್ಥ’ ಎಂಬುದು ಪತ್ರಿಕೆಯವರಿಗೆ ಪ್ರಿಯ, ಅದನ್ನು ಹೊತ್ತವರಿಗಲ್ಲ. ಸರ್ಕಾರದ ‘ವಿಕಲಚೇತನ’ವಂತೂ ಕಾಲು ಸೋತವರ ವಿಷಯದಲ್ಲಿ ಹೇಗೋ ನಡೆದೀತು, ಮನಸ್ಸು ಸೋತವರಿಗೆ ‘ಚೇತನವೇ ವಿಕಲ’ ಎಂದು ಮುದ್ರೆ ಒತ್ತಿದ ಹಾಗೆ. ಜಗತ್ತಿನ ಬೇರೆ ಕಡೆ ‘ಬಳಕೆದಾರರು’, ‘ಬದುಕುಳಿದವರು’ ಎಂಬ ಎರಡು ಪದಗಳು ಜೊತೆಯಾಗಿ ನಡೆಯುತ್ತವೆ. 1991ರಲ್ಲಿ ಹುಟ್ಟಿದ, ಇಂಥವರದೇ ಜಾಗತಿಕ ಜಾಲದ ಹೆಸರಿನಲ್ಲೂ ಎರಡೂ ಇವೆ. ಎರಡನೆಯದು ಚಿಕಿತ್ಸೆಯಿಂದಲೇ ಪೆಟ್ಟು ತಿಂದವರ ಪದ. ನಮ್ಮ ದೇಶದಲ್ಲಿ ಪುಣೆಯ ಬಾಪು ಟ್ರಸ್ಟ್‌ನ ಭಾರ್ಗವಿ ದವರ್ ಅವರಂಥವರು ‘ಮನೋಸಾಮಾಜಿಕ ಅಂಗವೈಕಲ್ಯ’ ಎಂಬ ಮಾತನ್ನು ಬೆಳೆಸಿದರು. ತೊಂದರೆ ತಲೆಯೊಳಗೆ ಮಾತ್ರ ಇಲ್ಲ, ಸುತ್ತಲಿನವರು ನಡೆದುಕೊಳ್ಳುವ ರೀತಿಯಲ್ಲೂ ಇದೆ ಎಂಬುದು ಅದರ ತಿರುಳು. ಮಂಡ್ಯದ ಸಭೆಯಲ್ಲಿ ಇಷ್ಟುದ್ದ ಹೇಳಿದರೆ ಟೀ ಆರಿಹೋಗುತ್ತದೆ. ಅಲ್ಲಿ ನಡೆಯುವುದು ‘ಮಾತ್ರೆ ತಗೊಳೋರು’, ‘ಕಡೆಯವರು’ (ಅಂದರೆ ಅವರ ಮನೆಯವರು, ಸಾಕುವವರು) ಎಂಬ ಎರಡೇ ಮಾತು.

ಆ ಎರಡರ ನಡುವಿನ ಗೆರೆ ಎಲ್ಲಿದೆ ಎಂದು ನೋಡುವುದೇ ಸೇರುವ ಮುನ್ನ ಮಾಡಬೇಕಾದ ಪರೀಕ್ಷೆ. ‘ಬಳಕೆದಾರರ ಒಕ್ಕೂಟ’ ಎಂಬ ಫಲಕದ ಹಿಂದೆ ಪದಾಧಿಕಾರಿಗಳೆಲ್ಲ ಅಪ್ಪ ಅಮ್ಮಂದಿರೇ ಆಗಿರುವುದುಂಟು, ಒಂದು ಸಂಸ್ಥೆಯ ಸಿಬ್ಬಂದಿಯೇ ಆಗಿರುವುದುಂಟು. ಅದು ತಪ್ಪೆಂದಲ್ಲ. ಸಾಕುವವರ ಸಂಘ ಬೇಕೇ ಬೇಕು, ಅವರ ಆಯಾಸಕ್ಕೂ ಒಂದು ಮನೆ ಬೇಕು. ಆದರೆ ಅದು ಬೇರೆ ಸಂಘ. ಹೋದವರು ನೇರವಾಗಿ ಕೇಳಬಹುದಾದ ಪ್ರಶ್ನೆಗಳಿವೆ. ಸಮಿತಿಯಲ್ಲಿ ಎಷ್ಟು ಜನ ಸ್ವತಃ ಚಿಕಿತ್ಸೆ ಪಡೆದವರು? ಬ್ಯಾಂಕ್ ಚೆಕ್ಕಿಗೆ ಸಹಿ ಯಾರದು? ಔಷಧ ಕಂಪನಿಯ ಹಣ ಬರುತ್ತದೆಯೇ? ಸಭೆಯ ಫೋಟೊ ಎಲ್ಲಿಗೆ ಹೋಗುತ್ತದೆ? ಬೇಡವೆನಿಸಿದರೆ ಹೆಸರು ತೆಗೆಸುವುದು ಹೇಗೆ? ಚೆಕ್ಕಿನ ಪ್ರಶ್ನೆಗೆ ಮುಜುಗರಪಟ್ಟುಕೊಂಡರೆ ಮಿಕ್ಕದ್ದನ್ನು ಕೇಳುವ ಅಗತ್ಯವೇ ಇರುವುದಿಲ್ಲ.

ಇದು ಬರೀ ಸ್ವಾಭಿಮಾನದ ಮಾತಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂದದ್ದು 2017ರಲ್ಲಿ, ಜಾರಿಯಾದದ್ದು 2018ರ ಮೇ 29ರಂದು. ಅದರ 74ನೇ ಸೆಕ್ಷನ್ ಪ್ರಕಾರ ಆಸ್ಪತ್ರೆಗೆ ಸೇರಿಸಿದ್ದರ ತಕರಾರು, ದೂರುಗಳನ್ನು ತೀರ್ಮಾನಿಸುವ ಪರಿಶೀಲನಾ ಮಂಡಳಿಯಲ್ಲಿ ಆರು ಜನ: ಜಿಲ್ಲಾ ನ್ಯಾಯಾಧೀಶರ ದರ್ಜೆಯ ಅಧ್ಯಕ್ಷರು, ಜಿಲ್ಲಾಧಿಕಾರಿಯ ಕಡೆಯ ಒಬ್ಬರು, ಒಬ್ಬ ಮನೋವೈದ್ಯರು, ಇನ್ನೊಬ್ಬ ವೈದ್ಯರು, ಮತ್ತೆ ಇಬ್ಬರು. ಆ ಇಬ್ಬರು ಯಾರೆಂದರೆ ಕಾಯಿಲೆ ಇರುವವರು ಅಥವಾ ಆರೈಕೆ ಮಾಡುವವರು ಅಥವಾ ಅವರ ಸಂಘಗಳವರು ಅಥವಾ ಈ ಕ್ಷೇತ್ರದ ಸ್ವಯಂಸೇವಾ ಸಂಸ್ಥೆಯವರು. ಈ ‘ಅಥವಾ’ಗಳ ಸಂದಿಯಲ್ಲಿ ಮಾತ್ರೆ ನುಂಗುವವನು ಸದ್ದಿಲ್ಲದೆ ಮಾಯವಾಗಬಹುದು. ಎರಡೂ ಕುರ್ಚಿ ಸಂಸ್ಥೆಯವರಿಗೆ ಹೋದರೂ ಕಾಯ್ದೆ ಮುರಿದಂತಾಗದು. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ವಿಷಯದಲ್ಲಿ ಹಾಗಿಲ್ಲ, ಕಾಯಿಲೆ ಇರುವ ಅಥವಾ ಇದ್ದವರ ಪರವಾಗಿ ಇಬ್ಬರು, ಆರೈಕೆದಾರರ ಪರವಾಗಿ ಇಬ್ಬರು, ಸಂಸ್ಥೆಗಳ ಪರವಾಗಿ ಇಬ್ಬರು ಎಂದು ಕಾಯ್ದೆಯೇ ಬಿಡಿಸಿ ಹೇಳಿದೆ. ಸದಸ್ಯರ ನೇಮಕಕ್ಕೆ ಅರ್ಜಿ ಕರೆದಾಗ ಒಕ್ಕೂಟವೊಂದು ತನ್ನವರ ಹೆಸರು ಕಳಿಸದಿದ್ದರೆ ಆ ‘ಅಥವಾ’ ಯಾರ ಕಡೆ ವಾಲುತ್ತದೆಂದು ಊಹಿಸಲು ಜ್ಯೋತಿಷಿ ಬೇಡ.

ಸದಸ್ಯತ್ವದ ಅರ್ಜಿಯಲ್ಲಿ ಕರೆಯುವ ಹೆಸರು, ಊರು, ಒಂದು ಫೋನ್ ನಂಬರು ಸಾಕು. ಕಾಯಿಲೆಯ ಹೆಸರು, ಆಧಾರ್, ಜಾತಿ, ಆಸ್ಪತ್ರೆಗೆ ಸೇರಿದ್ದೆಷ್ಟು ಸಲ ಇವೆಲ್ಲ ಬೇಡ. ಫೋನ್ ನಂಬರಿನ ಪಕ್ಕ ‘ಈ ಫೋನ್ ಯಾರ ಕೈಯಲ್ಲಿರುತ್ತದೆ?’ ಎಂಬ ಅಂಕಣ ಇರಲೇಬೇಕು. ಹಳ್ಳಿಗಳ ಕಡೆ ಹೆಣ್ಣುಮಕ್ಕಳು ಕೊಡುವ ನಂಬರು ಅಣ್ಣನದೋ ಗಂಡನದೋ ಆಗಿರುತ್ತದೆ. ‘ಭಾನುವಾರ ಸಭೆ ಇದೆ’ ಎಂಬ ಒಂದು ಸಂದೇಶ ಆ ಮನೆಯಲ್ಲಿ ಒಂದು ವಾರದ ಜಗಳಕ್ಕೆ ಸಾಕು.

ವಾಟ್ಸಾಪ್ ಗುಂಪಿನ ಕಥೆಯೂ ಇದೇ. ಗುಂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಒಬ್ಬ ಸದಸ್ಯನ ಸೋದರಮಾವನಿಗೆ ಕಂಡರೆ ಮುಗಿಯಿತು, ಹೆಣ್ಣು ನೋಡುವ ಶಾಸ್ತ್ರದಲ್ಲಿ ಅದು ಹೊರಬರುತ್ತದೆ. ಅದಕ್ಕೆ ಸುದ್ದಿ ತಿಳಿಸಲು ಬ್ರಾಡ್‌ಕಾಸ್ಟ್ ಲಿಸ್ಟ್ ಒಳ್ಳೆಯದು. ಒಂದು ಲಿಸ್ಟಿಗೆ 256 ಜನ, ಒಬ್ಬರಿಗೊಬ್ಬರು ಕಾಣುವುದಿಲ್ಲ. ತೊಡಕೆಂದರೆ ಕಳಿಸುವವರ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ, ಆದ್ದರಿಂದ ಮೊದಲ ಸಭೆಯಲ್ಲೇ ಪ್ರತಿಯೊಬ್ಬರ ಫೋನಿನಲ್ಲಿ ಕೂತು ಸೇವ್ ಮಾಡಿಸಬೇಕು. ಏನೆಂದು ಸೇವ್ ಮಾಡಬೇಕೆಂಬುದು ಅವರವರಿಗೆ ಬಿಟ್ಟದ್ದು. ‘ಸೊಸೈಟಿ’ ಎಂದೋ ‘ಹಾಲಿನ ಡೈರಿ’ ಎಂದೋ ಹಾಕಿಕೊಂಡವರಿದ್ದಾರೆ. ಮಾತಾಡಿಕೊಳ್ಳುವ ಸಣ್ಣ ಗುಂಪು ಬೇಕೆಂದವರಿಗೆ ಬೇರೆ ಮಾಡಬಹುದು. ಆದರೆ ರಾತ್ರಿ ಎರಡು ಗಂಟೆಗೆ ‘ಇನ್ನು ಸಾಕಾಯ್ತು’ ಎಂದು ಯಾರೋ ಬರೆದರೆ ನೋಡುವವರು ಯಾರು ಎಂಬುದು ಗುಂಪು ತೆರೆಯುವ ದಿನವೇ ತೀರ್ಮಾನವಾಗಬೇಕು. ಗುಂಪಿನ ವಿವರಣೆಯಲ್ಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇರಲಿ, ಹಗಲೂ ರಾತ್ರಿ ಕನ್ನಡದಲ್ಲೂ ಮಾತಾಡುತ್ತಾರೆ. ಪ್ರಾಣಕ್ಕೆ ಬಂದಾಗ 112. ಈ ಗುಂಪು ಆಸ್ಪತ್ರೆಯಲ್ಲ ಎಂದು ಸ್ಪಷ್ಟವಾಗಿ ಬರೆದ ಮೇಲೂ ಸರದಿಯ ಮೇಲೆ ಇಬ್ಬರು ಬೆಳಿಗ್ಗೆ ಎದ್ದೊಡನೆ ಓದಬೇಕು. ಇದನ್ನು ಒಬ್ಬರ ಹೆಗಲಿಗೇ ಹಾಕಿದರೆ ಆರು ತಿಂಗಳಲ್ಲಿ ಅವರೇ ಮಲಗುತ್ತಾರೆ.

ಸಭೆ

ಮಂಗಳವಾರ ಸಭೆ ಇಡಬಾರದು, ಅವತ್ತು ಎಲ್ಲರೂ ತಾಲ್ಲೂಕು ಆಸ್ಪತ್ರೆಯಲ್ಲಿರುತ್ತಾರೆ. ಬೆಳಿಗ್ಗೆ ಒಂಬತ್ತಕ್ಕೂ ಬೇಡ. ರಾತ್ರಿ ನುಂಗಿದ ಮಾತ್ರೆಯ ಮಂಪರು ಹತ್ತರವರೆಗೂ ಬಿಡದವರಿರುತ್ತಾರೆ. ಹನ್ನೊಂದಕ್ಕೆ ಶುರುವಾಗಿ ಒಂದಕ್ಕೆ ಮುಗಿದರೆ ನಾಗಮಂಗಲದವರೂ ಹೆಗ್ಗಡದೇವನಕೋಟೆಯವರೂ ಬಿಸಿಲಿಳಿಯುವ ಮುಂಚೆ ಮನೆ ಸೇರುತ್ತಾರೆ. ಕಬ್ಬು ಕಡಿಯುವ ಕಾಲದಲ್ಲಿ, ರಾಗಿ ಕೊಯ್ಲಿನಲ್ಲಿ, ಮೈಸೂರಾದರೆ ದಸರಾದ ಹತ್ತು ದಿನಗಳಲ್ಲಿ ಯಾರೂ ಬರುವುದಿಲ್ಲ. ಬರಲಿಲ್ಲವೆಂದು ಬೇಸರಿಸಬಾರದು. ಬಸ್ ಚಾರ್ಜನ್ನು ಅಲ್ಲೇ ಕೈಗೆ ನಗದಾಗಿ ಕೊಡಬೇಕು, ‘ಖಾತೆಗೆ ಹಾಕುತ್ತೇವೆ’ ಎಂದರೆ ಆ ಖಾತೆಯ ಎಟಿಎಂ ಕಾರ್ಡು ಮನೆಯವರ ಹತ್ತಿರ ಇರುತ್ತದೆ. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸಿನ ಖರ್ಚು ತಪ್ಪಿದೆ. ಆದರೆ ಹಳ್ಳಿಯಿಂದ ಮುಖ್ಯರಸ್ತೆಗೆ ಬರುವ ಆಟೋದ ಖರ್ಚು ತಪ್ಪಿಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಜಾಗ ಆಸ್ಪತ್ರೆಯ ಆವರಣದಲ್ಲಿರಬಾರದು. ಆ ವಾಸನೆಗೇ ಕೆಲವರ ಬಾಯಿ ಕಟ್ಟುತ್ತದೆ. ನೆಲಮಹಡಿಯ ಒಂದು ವಾಚನಾಲಯವೋ ಶಾಲೆಯ ಕೋಣೆಯೋ ಸಾಕು. ಕುರ್ಚಿ ದುಂಡಗೆ, ಬಾಗಿಲು ತೆರೆದೇ ಇರಬೇಕು, ನಡುವೆ ಎದ್ದು ಹೋಗಿ ಬರುವವರನ್ನು ಯಾರೂ ‘ಎಲ್ಲಿಗೆ?’ ಎಂದು ಕೇಳಬಾರದು. ಕೆಲವು ಮಾತ್ರೆಗಳಿಂದ ಕಾಲು ಒಂದು ಕಡೆ ನಿಲ್ಲುವುದಿಲ್ಲ, ಓಡಾಡದೆ ಅವರಿಗೆ ಕೂರಲಾಗದು. ಕಡೆಯವರಿಗೆ ಪಕ್ಕದ ಕೋಣೆಯಲ್ಲಿ ಬೇರೆ ಮಾತುಕತೆ. ಇದೊಂದಕ್ಕೆ ಪ್ರತಿ ಸಲವೂ ಗೊಣಗಾಟ ಇದ್ದದ್ದೇ: “ನಾನಿಲ್ದೆ ಅವ್ನು ಮಾತಾಡಲ್ಲ ಸಾರ್.” ಬಾಗಿಲ ಆಚೆ ಕಳಿಸಿ ಹತ್ತು ನಿಮಿಷ ಕಾದರೆ ಮಾತಾಡುತ್ತಾನೆ. ಹತ್ತು ನಿಮಿಷದ ಮೌನವನ್ನು ಸಹಿಸುವ ಅಭ್ಯಾಸ ಸಭೆ ನಡೆಸುವವರಿಗಿರಬೇಕು, ಅಷ್ಟೆ. ಕೊನೆಗೆ ನಡಾವಳಿಯನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ, ‘ನಾನು ಹೀಗೆ ಹೇಳಲಿಲ್ಲ’ ಎಂದವರ ಮಾತನ್ನು ಅಲ್ಲೇ ತಿದ್ದಬೇಕು.

ಬಿಳಿ ಹಾಳೆ

ಮೈಸೂರಿನ ಅಂಥದೊಂದು ಸಭೆಯಲ್ಲಿ, ‘ನನಗೆ ಹುಷಾರು ತಪ್ಪಿದಾಗ ನನ್ನ ಪರ ನಿಲ್ಲುವವರು ಇವರು’ ಎಂದು ಹೆಸರಿಸುವ ನಾಮನಿರ್ದೇಶಿತ ಪ್ರತಿನಿಧಿಯ ಕಾಗದ ಬರೆಯುವ ಕೆಲಸ ನಡೆಯುತ್ತಿತ್ತು. ತಿ. ನರಸೀಪುರದ ಕಡೆಯ ಹೆಣ್ಣುಮಗಳೊಬ್ಬಳು ಬಹಳ ಹೊತ್ತು ಯೋಚಿಸಿ ತನ್ನ ಓರಗಿತ್ತಿಯ ಹೆಸರು ಬರೆದಳು. ಗಂಡ ಬಾಗಿಲಲ್ಲೇ ನಿಂತಿದ್ದ. “ಗಂಡ ಅಂತ ನಾನಿರ್ವಾಗ ಅವ್ಳ್ಯಾಕೆ?” ಎಂದ, ಸಿಟ್ಟಿಗಿಂತ ಹೆಚ್ಚಾಗಿ ಅವಮಾನದಲ್ಲಿ. ಅವಳು ತಲೆ ಎತ್ತದೆ, “ಹೋದ್ಸಲ ಕಾರಿಗೆ ಹತ್ತಿಸ್ವಾಗ ನೀವ್ ನನ್ನ ಏನೂ ಕೇಳ್ನಿಲ್ಲ. ಅವ್ಳು ‘ಅಕ್ಕ, ಏನಾಯ್ತದೆ ನಿಂಗೆ’ ಅಂತ ಕೇಳುದ್ಲು” ಎಂದಳು. ಆಮೇಲೆ ಅವನು ಹೊರಗೆ ಹೋಗಿ ಬೀಡಿ ಹಚ್ಚಿದ. ವಾಪಸ್ ಬಂದು ಓರಗಿತ್ತಿಯ ಫೋನ್ ನಂಬರು ಹೇಳಿದವನೂ ಅವನೇ, ಅವಳಿಗೆ ಅದು ಬಾಯಿಗೆ ಬರುತ್ತಿರಲಿಲ್ಲ.

ಈ ಕಾಗದದಷ್ಟು ಅಗ್ಗದ, ಇಷ್ಟು ಉಪಯೋಗದ ವಸ್ತು ಕಾಯ್ದೆಯಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಎಣಿಕೆ. 14ನೇ ಸೆಕ್ಷನ್ ಹೇಳುವುದು ಬಿಳಿ ಹಾಳೆ, ಅದರ ಮೇಲೆ ಸಹಿ ಅಥವಾ ಹೆಬ್ಬೆಟ್ಟು. ಛಾಪಾ ಕಾಗದ ಬೇಡ, ನೋಟರಿ ಬೇಡ. ಪ್ರತಿನಿಧಿಗೆ 18 ತುಂಬಿರಬೇಕು, ಆ ಕೆಲಸಕ್ಕೆ ಶಕ್ತರಾಗಿರಬೇಕು, ಒಪ್ಪಿಗೆಯನ್ನು ಅವರೂ ಬರೆದುಕೊಡಬೇಕು. ನೆಂಟರೇ ಆಗಬೇಕೆಂದಿಲ್ಲ, ಗೆಳತಿಯೂ ಆದೀತು. ಮನಸ್ಸು ಬದಲಾದರೆ ಇನ್ನೊಂದು ಹಾಳೆ ಬರೆದು ಮೊದಲಿನದನ್ನು ರದ್ದು ಮಾಡಬಹುದು. ಏನೂ ಬರೆಯದಿದ್ದರೆ ಕಾಯ್ದೆ ತಾನೇ ಸಾಲು ಹಚ್ಚುತ್ತದೆ: ಮೊದಲು ಸಂಬಂಧಿಕರು, ಆಮೇಲೆ ಆರೈಕೆದಾರರು, ಅವರೂ ಇಲ್ಲದಿದ್ದರೆ ಮಂಡಳಿ ನೇಮಿಸಿದವರು. ಎಡವುವುದು ಎರಡು ಕಡೆ. ತಾರೀಖು ಹಾಕದೆ ಬಿಡುವುದು ಒಂದು, ಎರಡು ಹಾಳೆ ಇದ್ದರೆ ಯಾವುದು ಹೊಸದು ಎಂದು ಗೊತ್ತಾಗದು. ಒಂದೇ ಪ್ರತಿ ಮಾಡಿ ಗಾಡ್ರೇಜಿನಲ್ಲಿಟ್ಟು ಬೀಗ ಹಾಕುವುದು ಇನ್ನೊಂದು. ಒಂದು ತಮ್ಮ ಹತ್ತಿರ, ಒಂದು ಪ್ರತಿನಿಧಿಯ ಹತ್ತಿರ, ಒಂದು ಆಸ್ಪತ್ರೆಯ ಫೈಲಿನಲ್ಲಿ ಎಂದು ಮೂರು ಇರಬೇಕು. ಫೈಲಿಗೆ ಕೊಟ್ಟದ್ದಕ್ಕೆ ನಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಬೇಕು.

ಮುಂಗಡ ನಿರ್ದೇಶನ ಇದರ ಅಣ್ಣ. ಹುಷಾರಾಗಿರುವಾಗಲೇ, ‘ಮುಂದೆ ನನಗೆ ತೀರ್ಮಾನ ಮಾಡಲು ಆಗದಿದ್ದರೆ ಹೀಗೆ ನೋಡಿಕೊಳ್ಳಿ, ಹೀಗೆ ಬೇಡ’ ಎಂದು ಬರೆದಿಡುವುದು. ಇದಕ್ಕೆ ನಿಗದಿತ ನಮೂನೆಯೂ ಮಂಡಳಿಯಲ್ಲಿ ನೋಂದಣಿಯೂ ಇದೆ. ‘ನನಗೆ ಯಾವ ಚಿಕಿತ್ಸೆಯೂ ಬೇಡ’ ಎಂಬ ಒಂದೇ ಸಾಲು ಬರೆದವರ ನಿರ್ದೇಶನ ಸುಲಭವಾಗಿ ಪ್ರಶ್ನೆಗೆ ಸಿಲುಕುತ್ತದೆ. ವೈದ್ಯರಾಗಲಿ ಮನೆಯವರಾಗಲಿ ಅದನ್ನು ಪಾಲಿಸಲಾಗದು ಎನಿಸಿದರೆ ಮಂಡಳಿಗೆ ಅರ್ಜಿ ಹಾಕಬೇಕು, ಮಂಡಳಿ ಅದನ್ನು ಬದಲಿಸಲೂಬಹುದು. ಕಾರಣ ಸಮೇತ ಬರೆದದ್ದು ಬಾಳುತ್ತದೆ: ‘ಹಾಲೊಪೆರಿಡಾಲ್ ಸೂಜಿ ಕೊಟ್ಟಾಗ ಕತ್ತು ಒಂದು ಕಡೆ ಎಳೆದುಕೊಂಡಿತ್ತು, ಬೇರೆ ಇದ್ದರೆ ಅದನ್ನು ಕೊಡಿ.’ ‘ನನ್ನ ಮಗಳ ಶಾಲೆಗೆ ತಿಳಿಸುವುದು ನನ್ನ ಅಕ್ಕ, ಬೇರೆ ಯಾರೂ ಅಲ್ಲ.’ ತುರ್ತು ಚಿಕಿತ್ಸೆಗೆ ಇದು ಅನ್ವಯಿಸುವುದಿಲ್ಲ ಎಂಬುದನ್ನು ಮುಚ್ಚಿಡದೆ ಮೊದಲೇ ಹೇಳಬೇಕು. ಇಲ್ಲದಿದ್ದರೆ ಆಮೇಲೆ ಮೋಸವಾಯಿತೆಂಬ ನೋವು ಒಕ್ಕೂಟದ ಮೇಲೇ ಬರುತ್ತದೆ.

ಆಸ್ಪತ್ರೆಗೆ ದಾಖಲಾಗುವಾಗ ಸದಸ್ಯರು ಕೇಳಲು ಕಲಿಯಬೇಕಾದ ಪ್ರಶ್ನೆ ಒಂದೇ: “ಯಾವ ಸೆಕ್ಷನ್ನಲ್ಲಿ ಸೇರಿಸ್ಕೋತಿದ್ದೀರಿ?” 86 ಎಂದರೆ ತಾವೇ ಸಹಿ ಹಾಕಿ ಸೇರಿದ್ದು. ಹೋಗುತ್ತೇನೆಂದರೆ ಬಿಡಬೇಕು, ಪರೀಕ್ಷಿಸಲೆಂದು ಹೆಚ್ಚೆಂದರೆ 24 ಗಂಟೆ ತಡೆಯಬಹುದು. 89 ಎಂದರೆ ಪ್ರತಿನಿಧಿಯ ಅರ್ಜಿಯ ಮೇಲೆ, ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಿ ಸೇರಿಸಿಕೊಳ್ಳುವುದು. ಆ ಇಬ್ಬರಲ್ಲಿ ಒಬ್ಬರು ಮನೋವೈದ್ಯರೇ ಆಗಿರಬೇಕು, ಅವಧಿ 30 ದಿನ ಮೀರಬಾರದು. ಮಂಡಳಿಗೆ ಆಸ್ಪತ್ರೆಯವರು ಏಳು ದಿನದೊಳಗೆ ತಿಳಿಸಬೇಕು, ಹೆಂಗಸರು ಮತ್ತು ಮಕ್ಕಳಾದರೆ ಮೂರೇ ದಿನ. ಈ ದಾಖಲಾತಿಯನ್ನು ಪ್ರಶ್ನಿಸಿ ಹಾಕಿದ ಅರ್ಜಿಯನ್ನು ಮಂಡಳಿ ಏಳು ದಿನದಲ್ಲಿ ತೀರ್ಮಾನಿಸಬೇಕು. ಅರ್ಜಿಗೆ ಶುಲ್ಕವಿಲ್ಲ. ಬರೆದುಕೊಡುವ ವಕೀಲರು ಬೇಕೆಂದರೆ ಜಿಲ್ಲಾ ನ್ಯಾಯಾಲಯದ ಆವರಣದ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು ಇಲ್ಲವೇ 15100ಕ್ಕೆ ಫೋನ್ ಮಾಡಬಹುದು, ಅದೂ ಉಚಿತ. ತಲೆ ಬೋಳಿಸುವಂತಿಲ್ಲ, ಸಮವಸ್ತ್ರ ಹೇರುವಂತಿಲ್ಲ, ಕೂಲಿ ಕೊಡದೆ ಕೆಲಸ ಮಾಡಿಸುವಂತಿಲ್ಲ, ಯಾವ ರೂಪದಲ್ಲೂ ಸರಪಳಿ ಹಾಕುವಂತಿಲ್ಲ ಎಂಬುದನ್ನೂ ಇದೇ ಕಾಯ್ದೆ ಬರೆದಿದೆ. ಮೊದಲ ದೂರು ಆಸ್ಪತ್ರೆಯ ಮುಖ್ಯಸ್ಥರಿಗೆ, ಆಮೇಲೆ ಮಂಡಳಿಗೆ, ಆಮೇಲೆ ರಾಜ್ಯ ಪ್ರಾಧಿಕಾರಕ್ಕೆ. ಮೊದಲ ಮೆಟ್ಟಿಲು ಬಿಟ್ಟು ನೇರ ಮೇಲಕ್ಕೆ ಹಾರಿದವರನ್ನು ಮತ್ತೆ ಕೆಳಗೇ ಕಳಿಸುತ್ತಾರೆ.

ಒಂದೇ ಬಾಯಿ, ಎರಡು ಕಚೇರಿ

ಅಂಗವಿಕಲರ ಗುರುತಿನ ಚೀಟಿಗೆ, ಅಂದರೆ ಯುಡಿಐಡಿ ಕಾರ್ಡಿಗೆ ಹೋದವರ ಪಾಡು ಇನ್ನೊಂದು ಬಗೆ. ಮಾನಸಿಕ ಕಾಯಿಲೆಯ ಅಂಗವೈಕಲ್ಯವನ್ನು ‘ಐಡಿಯಾಸ್’ ಎಂಬ ಅಳತೆಪಟ್ಟಿಯಲ್ಲಿ ಅಳೆಯುತ್ತಾರೆ. ತನ್ನನ್ನು ತಾನು ನೋಡಿಕೊಳ್ಳುವುದು, ಜನರ ಜೊತೆ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ ಎಂಬ ನಾಲ್ಕು ಬಾಬ್ತು. ಒಂದೊಂದಕ್ಕೆ 0ಯಿಂದ 4, ಜೊತೆಗೆ ಕಾಯಿಲೆ ಎಷ್ಟು ವರ್ಷದ್ದು ಎಂಬುದಕ್ಕೂ 4ರವರೆಗೆ, ಒಟ್ಟು 20. ಏಳು ಬಂದರೆ ಶೇ. 40 ಮುಟ್ಟಿದಂತೆ, ಬಹುತೇಕ ಸೌಲಭ್ಯಗಳ ಬಾಗಿಲು ಅದು. ಆವತ್ತು ಮನೆಯವರು ಮಾಡುವುದೇನು? ಆಸ್ಪತ್ರೆಗೆ ಹೋಗುವುದೆಂದು ಮಗನಿಗೆ ತಲೆಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸಿ, ಹಬ್ಬದ ಅಂಗಿ ತೊಡಿಸಿ ಕರೆದೊಯ್ಯುತ್ತಾರೆ. “ಹೇಗಿದ್ದೀರಿ?” ಎಂದರೆ ಯಾವ ಕನ್ನಡಿಗನಾದರೂ ಹೇಳುವಂತೆ ಅವನು “ಚೆನ್ನಾಗಿದ್ದೀನಿ ಸಾರ್” ಎನ್ನುತ್ತಾನೆ. ಅಂಕ ನಾಲ್ಕು. ಸ್ನಾನ ಮಾಡಿಸಿದ್ದು ಅಮ್ಮ ಎಂಬುದನ್ನು ಯಾರೂ ಹೇಳುವುದಿಲ್ಲ. ಒಕ್ಕೂಟದವರು ಹಿಂದಿನ ವಾರ ಕೂತು ಮಾಡಿಸಬೇಕಾದ ಕೆಲಸವೆಂದರೆ ಒಂದು ಹಾಳೆಯಲ್ಲಿ ಮಾಮೂಲು ದಿನ ಹೇಗಿರುತ್ತದೆ ಎಂದು ಬರೆಸುವುದು. ಎದ್ದದ್ದು ಎಷ್ಟಕ್ಕೆ, ಹಲ್ಲುಜ್ಜಲು ಎಷ್ಟು ಸಲ ಹೇಳಬೇಕಾಯಿತು, ಕಳೆದ ವರ್ಷ ಎಷ್ಟು ತಿಂಗಳು ಕೆಲಸಕ್ಕೆ ಹೋದದ್ದು, ಯಾಕೆ ಬಿಟ್ಟದ್ದು. ಸುಳ್ಳು ಬೇಡ, ಹಬ್ಬದ ಅಂಗಿಯೂ ಬೇಡ. ಹಳೆಯ ಚೀಟಿಗಳನ್ನು ವರ್ಷವಾರು ಜೋಡಿಸಿ ಒಯ್ಯಬೇಕು, ಕಾಯಿಲೆಯ ಅವಧಿಗೆ ಅದೇ ಸಾಕ್ಷಿ. ಊರಲ್ಲಿ ಈ ಕಾಗದಗಳಿಗೆ ಓಡಾಡಲು ಪಂಚಾಯಿತಿಯ ವಿಆರ್‌ಡಬ್ಲ್ಯು, ತಾಲ್ಲೂಕಿನ ಎಂಆರ್‌ಡಬ್ಲ್ಯು ಎಂಬ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಮಾನಸಿಕ ಕಾಯಿಲೆಯೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಸೇರಿದೆ ಎಂದು ನೆನಪಿಸಬೇಕಾದೀತು.

ಕಿರಿಕಿರಿ ಇರುವುದು ಇಲ್ಲಿ: ಈ ಕಚೇರಿಯಲ್ಲಿ ‘ನನ್ನಿಂದ ಆಗುವುದಿಲ್ಲ’ ಎಂದು ರುಜುವಾತು ಮಾಡಬೇಕು. ಅದೇ ಮನುಷ್ಯ ಮರುವಾರ ತನ್ನ ಚಿಕಿತ್ಸೆಯ ತೀರ್ಮಾನ ತನ್ನದೇ ಎನ್ನಲು ‘ನನ್ನಿಂದ ಆಗುತ್ತದೆ’ ಎಂದು ತೋರಿಸಬೇಕು. ಎರಡೂ ನಿಜ, ಯಾಕೆಂದರೆ ಕೇಳುತ್ತಿರುವುದು ಎರಡು ಬೇರೆ ಪ್ರಶ್ನೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 4ನೇ ಸೆಕ್ಷನ್ ಕೇಳುವುದು ವಿಷಯ ಅರ್ಥವಾಗುತ್ತದೆಯೇ, ಒಪ್ಪಿದರೆ ಅಥವಾ ಒಪ್ಪದಿದ್ದರೆ ಏನಾಗಬಹುದು ಎಂಬುದು ತಿಳಿಯುತ್ತದೆಯೇ, ತೀರ್ಮಾನವನ್ನು ಮಾತಿನಿಂದಲೋ ಸನ್ನೆಯಿಂದಲೋ ತಿಳಿಸಲಾಗುತ್ತದೆಯೇ ಎಂಬುದನ್ನು. ಆ ತೀರ್ಮಾನ ಬೇರೆಯವರಿಗೆ ತಪ್ಪೆನಿಸಿತು ಎಂಬ ಮಾತ್ರಕ್ಕೆ ಸಾಮರ್ಥ್ಯ ಇಲ್ಲವೆನ್ನುವಂತಿಲ್ಲ ಎಂದೂ ಅದು ಹೇಳುತ್ತದೆ. ಸ್ನಾನಕ್ಕೆ ಅಮ್ಮ ಬೇಕಾದವನಿಗೆ ಸೂಜಿ ಬೇಕೋ ಬೇಡವೋ ಎಂಬುದು ಚೆನ್ನಾಗಿಯೇ ಗೊತ್ತಿರಬಹುದು. ಇದನ್ನು ಸದಸ್ಯರಿಗೆ ಬಿಡಿಸಿ ಹೇಳದಿದ್ದರೆ ಕಾರ್ಡು ಪಡೆದವರು ತಾವೇ ‘ನಾನು ಶೇ. 60’ ಎಂದು ಹೇಳಿಕೊಂಡು ಸುಮ್ಮನಾಗುತ್ತಾರೆ.

ಮಾತ್ರೆ ಪುಸ್ತಕ

ಒಕ್ಕೂಟದ ಕೆಲಸಗಳಲ್ಲಿ ಅತಿ ಮಂಕಾದದ್ದು ಇದು, ಅತಿ ಹೆಚ್ಚು ಫಲ ಕೊಡುವುದೂ ಇದೇ. ಪ್ರತಿ ಮಂಗಳವಾರ ಔಷಧಿ ಕಿಟಕಿಯಿಂದ ಹತ್ತು ಹೆಜ್ಜೆ ದೂರದಲ್ಲಿ ಒಬ್ಬರು ಇನ್ನೂರು ಪುಟದ ನೋಟ್ ಪುಸ್ತಕ ಹಿಡಿದು ಕೂರುವುದು. ತಾರೀಖು, ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಬರೆದದ್ದು ಎಷ್ಟು ದಿನಕ್ಕೆ, ಕೊಟ್ಟದ್ದು ಎಷ್ಟು ದಿನಕ್ಕೆ, ಹೊರಗೆ ಕೊಂಡರೆ ಎಷ್ಟು ರೂಪಾಯಿ. ಜನರ ಹೆಸರು ಬರೆಯಬಾರದು. ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಮಾತ್ರೆಗಳು ಸರ್ಕಾರಿ ಆಸ್ಪತ್ರೆಯಲ್ಲಿ ಸದಾಕಾಲ ಉಚಿತವಾಗಿ ಸಿಗಬೇಕು ಎಂಬುದು ಅದೇ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ನಿನ ಮಾತು. ರಿಸ್ಪೆರಿಡೋನ್, ಫ್ಲುಯೊಕ್ಸೆಟಿನ್, ಲಿಥಿಯಂ, ಸೋಡಿಯಂ ವಾಲ್‌ಪ್ರೊಯೇಟ್ ಎಲ್ಲ ಆ ಪಟ್ಟಿಯವೇ. ಮೂರು ತಿಂಗಳ ಪುಸ್ತಕವನ್ನು ಒಂದು ಪುಟಕ್ಕೆ ಇಳಿಸಿ ತಾಲ್ಲೂಕು ಆರೋಗ್ಯಾಧಿಕಾರಿಗೆ ಕೊಟ್ಟು, ಪ್ರತಿಯನ್ನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಧಿಕಾರಿಗೆ ಕಳಿಸಬೇಕು. ಉತ್ತರ ಬರದಿದ್ದರೆ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಐದು ದೂರು ಒಟ್ಟಿಗೆ ಸೇರಿಸಿ ಮೂರು ಪುಟ ಬರೆದವರ ಅರ್ಜಿ ಹಾಗೇ ಹಿಂದಕ್ಕೆ ಬರುತ್ತದೆ. ಕೇಳಬೇಕಾದ್ದು ‘ಯಾಕೆ ಮಾತ್ರೆ ಇಲ್ಲ?’ ಎಂದಲ್ಲ. ‘ಇಂಥ ತಿಂಗಳಿನಿಂದ ಇಂಥ ತಿಂಗಳವರೆಗಿನ ಈ ಮಾತ್ರೆಯ ದಾಸ್ತಾನು ಪುಸ್ತಕದ ನಕಲು ಕೊಡಿ’ ಎಂದು.

ಪುಸ್ತಕ ಹಿಡಿದವರಿಗೆ ಒಂದು ಎಚ್ಚರಿಕೆ ಬೇಕು. ‘ಈ ಮಾತ್ರೆ ಬಿಟ್ಟುಬಿಡಲಾ?’ ಎಂಬ ಪ್ರಶ್ನೆ ಅವರಿಗೇ ಬರುತ್ತದೆ. ಒಕ್ಕೂಟದಲ್ಲಿ ಮಾತ್ರೆಯ ಪರ ಇರುವವರೂ ಇರುತ್ತಾರೆ, ಪೂರ್ತಿ ವಿರೋಧಿಗಳೂ ಇರುತ್ತಾರೆ, ಇಬ್ಬರಿಗೂ ಜಾಗ ಇರಬೇಕು. ಆದರೆ ಇನ್ನೊಬ್ಬರ ಮಾತ್ರೆ ನಿಲ್ಲಿಸುವ ಅಧಿಕಾರ ಯಾರಿಗೂ ಇಲ್ಲ. ಥಟ್ಟನೆ ಬಿಟ್ಟರೆ ಆಗುವ ತೊಂದರೆ ಕಾಯಿಲೆಯೇ ಮರುಕಳಿಸಿದಂತೆ ಕಾಣುತ್ತದೆ. ಬಿಡುವ ಮನಸ್ಸಿದ್ದವರು ವೈದ್ಯರ ಜೊತೆ ನಿಧಾನವಾಗಿ ಇಳಿಸುವ ಮಾತಾಡಬೇಕು. ಆ ಮಾತಾಡಲು ಅವರ ಜೊತೆ ಹೋಗುವುದು ಒಕ್ಕೂಟದ ಕೆಲಸ.

ಪೇಟ

ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನ. ಒಂದು ವಾರ ಮೊದಲು ಫೋನ್ ಬರುತ್ತದೆ: “ನಿಮ್ಮ ಕಡೆಯಿಂದ ಒಬ್ಬರನ್ನ ಕಳಿಸಿ, ಅನುಭವ ಹಂಚಿಕೊಳ್ಳಲಿ, ಐದು ನಿಮಿಷ.” ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಅಳು ಬರುವ ಭಾಗಕ್ಕೆ ಚಪ್ಪಾಳೆ ತಟ್ಟಿ ಕಳಿಸುತ್ತಾರೆ. ನವೆಂಬರಿನಲ್ಲಿ ಅದೇ ಜಿಲ್ಲೆಯಲ್ಲಿ ಹಗಲು ಆರೈಕೆ ಕೇಂದ್ರ ಎಲ್ಲಿರಬೇಕು ಎಂಬ ಸಭೆ ನಡೆದಾಗ ಆ ಪೇಟ ತೊಟ್ಟ ತಲೆಯ ನೆನಪು ಯಾರಿಗೂ ಬರುವುದಿಲ್ಲ. ಕರೆದಾಗ ಹೋಗಲೇಬಾರದು ಎನ್ನುವವರ ಹಟ ಅತಿಯಾಯಿತು. ಹೋಗಬೇಕು, ಆದರೆ ಒಪ್ಪುವ ಮುನ್ನ ಉಪನ್ಯಾಸಕರಿಗೆ ಕೊಡುವ ಗೌರವಧನ ಇವರಿಗೂ ಉಂಟೇ, ಫೋಟೊ ಬೇಡವೆಂದರೆ ನಡೆಯುತ್ತದೆಯೇ, ಮುಂದಿನ ಸಭೆಯ ನೋಟಿಸು ಒಕ್ಕೂಟಕ್ಕೂ ಬರುತ್ತದೆಯೇ ಎಂದು ಬರಹದಲ್ಲಿ ಕೇಳಬೇಕು. ಇನ್ನೊಂದು, ಚೆನ್ನಾಗಿ ಮಾತಾಡುವ ಒಬ್ಬರೇ ಎಲ್ಲ ವೇದಿಕೆಗೂ ಹೋಗುತ್ತಿದ್ದರೆ ಒಕ್ಕೂಟ ಅವರೊಬ್ಬರಾಗಿಬಿಡುತ್ತದೆ. ಅಂಥವರು ಸಾಮಾನ್ಯವಾಗಿ ಪಟ್ಟಣದವರು, ಓದಿದವರು, ಗಂಡಸರು.

ಬೈಲಾ

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಸಂಘ ಕಟ್ಟಲು ಕನಿಷ್ಠ ಏಳು ಜನ ಬೇಕು. ಬೈಲಾ ಬರೆಯುವ ಪುರುಸೊತ್ತು ಯಾರಿಗಿದೆ? ಯಾವುದೋ ಯುವಕ ಸಂಘದ್ದೋ ಹಾಲು ಉತ್ಪಾದಕರದ್ದೋ ಹಳೆಯ ಪ್ರತಿ ತಂದು ಹೆಸರು ಬದಲಿಸಿ ಟೈಪ್ ಮಾಡಿಸುತ್ತಾರೆ. ಅಂಥ ಪ್ರತಿಗಳಲ್ಲಿ ‘ಸದಸ್ಯತ್ವ ರದ್ದಾಗುವ ಸಂದರ್ಭಗಳು’ ಎಂಬ ಕಲಮು ಇರುತ್ತದೆ. ಮರಣ, ರಾಜೀನಾಮೆ, ದಿವಾಳಿ, ಅಪರಾಧ ಸಾಬೀತು, ಆಮೇಲೆ ‘ಬುದ್ಧಿಭ್ರಮಣೆ ಅಥವಾ ಚಿತ್ತಸ್ವಾಸ್ಥ್ಯ ಕಳೆದುಕೊಳ್ಳುವಿಕೆ’. ಮಾನಸಿಕ ಆರೋಗ್ಯ ಸೇವೆ ಪಡೆಯುವವರ ಹಕ್ಕಿನ ಸಂಘಕ್ಕೂ ಇದೇ ಕಲಮು, ಕಾಗುಣಿತ ತಪ್ಪಿನ ಸಮೇತ, ಏಳು ಜನರ ಸಹಿಯೊಂದಿಗೆ ನೋಂದಣಾಧಿಕಾರಿಯ ಮೇಜಿಗೆ ಹೋಗುವುದುಂಟು. ಓದಿ ನಕ್ಕು ಬಿಡುವ ವಿಷಯವಲ್ಲ ಇದು. ಒಂದು ದಿನ ಖಜಾಂಚಿಯ ಜೊತೆ ಅಧ್ಯಕ್ಷರಿಗೆ ಜಗಳವಾದಾಗ ಯಾರೋ ಈ ಸಾಲಿನ ಮೇಲೆ ಬೆರಳಿಡುತ್ತಾರೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಸೆಕ್ಷನ್ ಮಾತ್ರ ಸ್ಪಷ್ಟವಾಗಿದೆ: ಮಾನಸಿಕ ಕಾಯಿಲೆ ಇದೆಯೆಂದ ಮಾತ್ರಕ್ಕೆ ಆ ವ್ಯಕ್ತಿ ಚಿತ್ತಸ್ವಾಸ್ಥ್ಯ ಇಲ್ಲದವನೆಂದು ಅರ್ಥವಲ್ಲ, ಹಾಗೆಂದು ನ್ಯಾಯಾಲಯ ಘೋಷಿಸಿರಬೇಕು. ಮತದಾನದ ಹಕ್ಕಿಗೂ ಇದೇ ಅಳತೆ, ಆಸ್ಪತ್ರೆಯ ಚೀಟಿಯಿಂದ ಓಟು ಹೋಗುವುದಿಲ್ಲ. ನೋಂದಣಿಗೆ ಮುಂಚೆಯೇ ಆ ಸಾಲು ಹೊಡೆದುಹಾಕಬೇಕು. ಆಮೇಲಾದರೆ ಸಾಮಾನ್ಯ ಸಭೆ, ಠರಾವು, ಮತ್ತೆ ಕಚೇರಿ ಅಲೆದಾಟ.

ಹೊಡೆದುಹಾಕಿದ ಜಾಗದಲ್ಲಿ ಏನು ಬರೆಯುವುದು ಎಂಬುದು ನಿಜವಾದ ಪ್ರಶ್ನೆ. ಯಾಕೆಂದರೆ ಪದಾಧಿಕಾರಿಗಳಿಗೆ ಹುಷಾರು ತಪ್ಪುತ್ತದೆ, ಅದೂ ಅರ್ಜಿಯ ಕೊನೆಯ ತಾರೀಖಿನ ಹಿಂದಿನ ವಾರವೇ. ಪ್ರತಿ ಹುದ್ದೆಗೂ ಮೊದಲ ದಿನದಿಂದಲೇ ಒಬ್ಬ ಜೊತೆಗಾರ, ಬ್ಯಾಂಕಿನಲ್ಲಿ ಮೂವರ ಪೈಕಿ ಯಾರಾದರೂ ಇಬ್ಬರ ಸಹಿ, ಲೆಕ್ಕದ ಪುಸ್ತಕ ಒಬ್ಬರ ಮನೆಯಲ್ಲಿ ಉಳಿಯದಂತೆ ಪ್ರತಿ ತಿಂಗಳು ಅದರ ಫೋಟೊ. ಇಷ್ಟು ಇದ್ದರೆ ಒಬ್ಬರು ಎರಡು ತಿಂಗಳು ಮಲಗಿದರೂ ಬಂಡಿ ಸಾಗುತ್ತದೆ. ಮಂಡ್ಯದ ಕಡೆ ಇದನ್ನು ಬೈಲಾಕ್ಕೆ ಸೇರಿಸುವ ಚರ್ಚೆಯೊಂದರಲ್ಲಿ ‘ಪದಾಧಿಕಾರಿಗೆ ಹುಷಾರಿಲ್ಲದಾಗ ಅವರ ಕೆಲಸವನ್ನು ಜೊತೆಗಾರರು ನೋಡಿಕೊಳ್ಳತಕ್ಕದ್ದು, ಹುಷಾರಾದ ಮೇಲೆ ಅವರೇ ಮುಂದುವರಿಯತಕ್ಕದ್ದು’ ಎಂಬಲ್ಲಿಗೆ ಎಲ್ಲರೂ ಒಪ್ಪಿದ್ದರು. ಜ್ವರಕ್ಕೂ ಇದಕ್ಕೂ ನಮ್ಮಲ್ಲಿ ಒಂದೇ ಪದ ಇರುವುದು ಅಂದು ಉಪಯೋಗಕ್ಕೆ ಬಂತು. ಟೈಪ್ ಮಾಡುತ್ತಿದ್ದವರು ನಿಲ್ಲಿಸಿ ಕೇಳಿದರು: “ಹುಷಾರಾಗಿದೆ ಅಂತ ಯಾರು ಸರ್ಟಿಫಿಕೇಟ್ ಕೊಡ್ಬೇಕು? ಡಾಕ್ಟ್ರಾ, ಮನೆಯವ್ರಾ?” ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮದ್ದೂರಿನಿಂದ ಬರುತ್ತಿದ್ದ ಒಬ್ಬ ವಯಸ್ಸಾದವರು, “ಅವ್ರೇ ಬರ್ಕೊಡ್ಲಿ ಬುಡಿ. ‘ನಂಗೀಗ ಹುಷಾರಾಗದೆ’ ಅಂತ ಒಂದ್ ಸಾಲು” ಎಂದರು. ಹಾಗೇ ಟೈಪಾಯಿತು.